ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಎಕ್ಸೆಲ್‌ನಾಗ ಕಲಿಯೋದು ಹ್ಯಾಂಗ? ಒಂದು ದಾಲ್ ಮಿಲ್ ಲೆಕ್ಕ ಹಿಡ್ಕೊಂಡು ಉತ್ತರ

ಪ್ರಶ್ನೆ: ಸರ್, ನಾನು ಆಳಂದ ತಾಲೂಕಿನಾಕಿ, ಕಲಬುರಗಿಯಾಗ ಎಂಬಿಎ ಎರಡನೇ ಸೆಮಿಸ್ಟರ್ ಓದ್ಲತ್ತೀನಿ. ಡಿಗ್ರಿ ತನಕ ಕನ್ನಡ ಮೀಡಿಯಂ. ಪ್ರೊಡಕ್ಷನ್ ಅಂಡ್ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಪೇಪರ್‌ಗೆ ಎಕ್ಸೆಲ್ ಪ್ರಾಕ್ಟಿಕಲ್ ಇಟ್ಟಾರ. ಯೂಟ್ಯೂಬ್ ನೋಡ್ಕೊಂಡು ಮಾಡಿದ್ರ ಉತ್ತರ ಬರ್ತದ, ಆದ್ರ ಸರ್ ನಂಬರ್ ಬದಲಿಸಿ ಬ್ಯಾರೆ ಲೆಕ್ಕ ಕೊಟ್ರ ಕೈ ನಿಂತ್ ಬಿಡ್ತದ. ಸಾಲ್ವರ್, ಶ್ಯಾಡೋ ಪ್ರೈಸ್ ಅಂತಾರ, ಅದು ಏನಂತ ತಿಳಿವಲ್ದು. ಮನ್ಯಾಗ ಲ್ಯಾಪ್‌ಟಾಪ್ ಇಲ್ಲ, ಫೋನ್ ಅದ. ಗೆಳತಿಯರು ಎಕ್ಸೆಲ್ ಹಳೇದಾತು ಪೈಥಾನ್ ಕಲಿ ಅಂತಾರ. ನಾ ಏನ್ ಮಾಡ್ಬೇಕ್ರಿ?

ಉತ್ತರ: ನೋಡ್ರಿ ತಂಗಿ, ನಿಮ್ಮ ಪ್ರಶ್ನೆದಾಗ ನನಗ ಮುಖ್ಯ ಅನ್ನಿಸಿದ್ದು "ನಂಬರ್ ಬದಲಾದ್ರ ಕೈ ನಿಂತ್ ಬಿಡ್ತದ" ಅನ್ನೋ ಮಾತು. ಹದಿನಾಲ್ಕು ವರ್ಷ ಈ ಪೇಪರ್ ಪಾಠ ಮಾಡೀನಿ, ಅದಕ್ಕೂ ಮೊದಲು ಆರು ವರ್ಷ ದಾಲ್ ಮಿಲ್‌ನಾಗ ಪ್ರೊಡಕ್ಷನ್ ಲೆಕ್ಕ ಬರೀತಿದ್ದೆ, ಕ್ಲಾಸಿನ ಅರ್ಧ ಮಂದಿದು ಇದೇ ತ್ರಾಸು. ಯಾಕಂದ್ರ ವಿಡಿಯೋದಾಗ ಯಾವ ಬಟನ್ ಒತ್ತಬೇಕು ಅನ್ನೋದು ಕಾಣ್ತದ, ಆ ಸೆಲ್‌ನಾಗ ಆ ಫಾರ್ಮುಲಾ ಯಾಕ ಬಂತು ಅನ್ನೋದು ಕಾಣಂಗಿಲ್ಲ. ಅದು ಕಾಗದದ ಮ್ಯಾಲ ನಡಿಯೋ ಕೆಲಸ, ಮತ್ತ ಅದನ್ನ ಕನ್ನಡದಾಗೇ ಮಾಡ್ರಿ, ನಿಮಗ ಯಾವ ಭಾಷೆದಾಗ ವಿಚಾರ ಬರ್ತದೋ ಆ ಭಾಷೆದಾಗ.

ಒಂದು ಹಳೇ ಸಂಗತಿ ಹೇಳ್ತೀನಿ. 1947ರಾಗ ಜಾರ್ಜ್ ಡ್ಯಾಂಟ್ಜಿಗ್ ಅನ್ನೋ ಗಣಿತಜ್ಞರು ಸಿಂಪ್ಲೆಕ್ಸ್ ವಿಧಾನ (ಮಿತಿಯೊಳಗ ಎಲ್ಲಕ್ಕಿಂತ ಚೊಲೋ ಉತ್ತರ ಹುಡುಕೋ ದಾರಿ) ಕಂಡುಹಿಡಿದ್ರಲ್ಲ, ಆಗ ಅದನ್ನ ಪರೀಕ್ಷೆ ಮಾಡ್ಲಾಕ ಒಂದು ಊಟದ ಲೆಕ್ಕ ತಗೊಂಡ್ರು, 77 ತರದ ಆಹಾರ, 9 ಪೋಷಕಾಂಶದ ಸಮೀಕರಣ, ಕಡಿಮೆ ರೊಕ್ಕದಾಗ ದೇಹಕ್ಕ ಬೇಕಾದ್ದೆಲ್ಲ ಸಿಗಬೇಕು. ಕ್ಲರ್ಕ್‌ಗಳು ಟೇಬಲ್ ಮ್ಯಾಲಿನ ಕ್ಯಾಲ್ಕುಲೇಟರ್ ಇಟ್ಕೊಂಡು ಮಾಡಿದ ಆ ಲೆಕ್ಕಕ್ಕ ಒಟ್ಟು 120 ಆಳು-ದಿನ ಹಿಡೀತು. ಇವತ್ತು ಅದೇ ಲೆಕ್ಕ ಲ್ಯಾಬ್‌ನ ಹಳೇ ಕಂಪ್ಯೂಟರ್‌ನಾಗೂ ಕಣ್ಣು ಮುಚ್ಚಿ ತೆಗಿಯೋದ್ರಾಗ ಆಗ್ತದ. ಅಂದ್ರ ಲೆಕ್ಕ ಬಿಡಿಸೋ ಕಷ್ಟ ಹೋಗ್ಯದ, ಲೆಕ್ಕ ಹೂಡೋ ಕಷ್ಟ ಹಂಗೇ ಅದ, ಪರೀಕ್ಷೆದಾಗ ಮಾರ್ಕ್ಸ್ ಇರೋದು ಅಲ್ಲೇ, ಕೆಲಸದಾಗ ಬೆಲೆ ಇರೋದೂ ಅಲ್ಲೇ.

ಬರ್ರಿ, ಒಂದೇ ಲೆಕ್ಕ ಪೂರಾ ಮಾಡೋಣ. ಪುಸ್ತಕದಾಗ ಕಾರ್ ಫ್ಯಾಕ್ಟರಿ, ಟೀವಿ ಫ್ಯಾಕ್ಟರಿ ಇರ್ತಾವ, ನಮಗ್ಯಾಕ ಅವು, ನಮ್ಮೂರಾಗ ತೊಗರಿ ಅದ. ದಾಲ್ ಮಿಲ್ ಒಳಗ ನೀವು ಹೋಗೀರೋ ಇಲ್ಲೋ ಗೊತ್ತಿಲ್ಲ, ಹೋದ್ರ ಮೊದಲ ಕಾಣೋದು ಮಷೀನ್ ಅಲ್ಲ, ಅಂಗಳ. ತೊಗರಿ ಜರಡಿ ಹಿಡ್ದು ಚೊಕ್ಕ ಮಾಡಿ, ಸಿಪ್ಪಿಗೆ ಗೀರು ಬೀಳೂ ಹಂಗ ರೋಲರ್‌ನಾಗ ಬಿಟ್ಟು, ಸ್ವಲ್ಪ ಎಣ್ಣಿ ಸವರಿ, ಆಮ್ಯಾಲ ಬಿಸಲಿಗೆ ಹರವ್ತಾರ. ಹೆಣ್ಮಕ್ಕಳು ಕಾಲಿನಿಂದ ಸಾಲು ಎಳ್ಕೋತ ತೊಗರಿ ತಿರುವ್ತಿರ್ತಾರ, ಸಂಜಿಗೆ ಗುಂಪಿ ಮಾಡಿ ತಾಡಪತ್ರಿ ಹೊಚ್ತಾರ, ಮರುದಿನ ಮತ್ತ ಹರವ್ತಾರ. ಕಾಳು ಒಣಗಿ ಸಿಪ್ಪಿ ಸಡಿಲ ಆದ ಮ್ಯಾಲೇ ಅದು ಒಡಿಯೋ ಮಷೀನ್‌ಗೆ ಹೋಗೋದು. ಹಸಿ ಇದ್ರ ಸಿಪ್ಪಿ ಬಿಡಂಗಿಲ್ಲ, ಜಬರದಸ್ತಿ ಒಡದ್ರ ನುಚ್ಚು ಜಾಸ್ತಿ ಆಗ್ತದ.

ಇಲ್ಲಿ ಒಂದು ಸಣ್ಣ ಲೆಕ್ಕ ಹಿಡೀರಿ, ನಂಬರ್ ನಾನು ಹಾಕಿದ್ದು, ನಿಮ್ಮ ಅಭ್ಯಾಸಕ್ಕ. ಅಂಗಳದಾಗ ಒಮ್ಮೆಗೆ 300 ಕ್ವಿಂಟಲ್ ತೊಗರಿ ಹರವಬಹುದು. ಒಣಗ್ಲಾಕ 3 ದಿನ ಬೇಕು. ಹಂಗಾದ್ರ ದಿನಾ ಎಷ್ಟು ಕ್ವಿಂಟಲ್ ಮುಂದ ಹೋಗ್ತದ? 300 ಭಾಗಿಸು 3, ಅಂದ್ರ 100. ಒಡಿಯೋ ಮಷೀನ್ ದಿನಕ್ಕ 160 ಕ್ವಿಂಟಲ್ ಒಡೀತದ ಅಂತ ಇಟ್ಕೊಳ್ರಿ, ಅದರದು 60 ಕ್ವಿಂಟಲ್ ಶಕ್ತಿ ದಿನಾ ಖಾಲಿ. ಈ 300 ಭಾಗಿಸು 3 ಅನ್ನೋ ಲೆಕ್ಕಕ್ಕ ಪುಸ್ತಕದಾಗ ಲಿಟಲ್ಸ್ ಲಾ ಅಂತಾರ, ಜಾನ್ ಲಿಟಲ್ 1961ರಾಗ ಪ್ರೂಫ್ ಕೊಟ್ರು, ಒಳಗ ಇರೋ ಮಾಲು ಅಂದ್ರ ದಿನಾ ದಾಟೋ ಮಾಲು ಗುಣಿಸು ಒಂದು ಕಾಳು ಒಳಗ ಕಳಿಯೋ ದಿನ. ಅಷ್ಟೇ. ಮಿಲ್ ಮಾಲೀಕರು ಪ್ರೊಡಕ್ಷನ್ ಸಾಲ್ದು ಅಂತ ಇನ್ನೊಂದು ಮಷೀನ್ ತರ್ಲಾಕ ಹೊರಟ್ರ ನೀವು ಈ ಒಂದು ಸೆಲ್ ತೋರ್ಸಿ "ಮಷೀನ್ ಬ್ಯಾಡ್ರಿ, ಅಂಗಳ ನೋಡ್ರಿ" ಅಂತ ಹೇಳಬಹುದು. ಬಾಟಲ್‌ನೆಕ್ ಅಂತ ಸರ್ ಕ್ಲಾಸಿನಾಗ ಹೇಳಿದ್ದು ಇದೇ.

ಈಗ ಕಾಗದ ತಗೊಳ್ರಿ, ಮೂರು ಸಾಲು ಬರೀರಿ. ನನ್ನ ಕೈಯಾಗ ಏನದ? ನನ್ನ ಕೈಯಾಗ ಇಲ್ಲದ್ದು ಏನು? ನನಗ ಏನ್ ಬೇಕು? ಪುಸ್ತಕ ಮೊದಲನೇದಕ್ಕ ಡಿಸಿಜನ್ ವೇರಿಯಬಲ್ ಅಂತದ, ಎರಡನೇದ್ರಾಗ ಕೊಟ್ಟ ಡೇಟಾ ಮತ್ತ ಕನ್‌ಸ್ಟ್ರೇಂಟ್ ಬರ್ತಾವ, ಮೂರನೇದು ಆಬ್ಜೆಕ್ಟಿವ್.

ನಮ್ಮ ಮಿಲ್‌ನಾಗ ಎರಡು ಮಾಲು ಮಾಡ್ತಾರ, ಪಾಲಿಶ್ ಬ್ಯಾಳಿ ಮತ್ತ ಪಾಲಿಶ್ ಇಲ್ಲದ್ದು. ದಿನಾ ಎಷ್ಟು ಕ್ವಿಂಟಲ್ ತೊಗರಿ ಪಾಲಿಶ್‌ಗೆ ಬಿಡಬೇಕು, ಎಷ್ಟು ಸಾದಾ ಬಿಡಬೇಕು, ಇದು ಕೈಯಾಗ ಇರೋದು. ಪಾಲಿಶ್‌ಗೆ ಹೋದ ಒಂದು ಕ್ವಿಂಟಲ್ ತೊಗರಿಗೆ 300 ರೂಪಾಯಿ ಉಳೀತದ, ಸಾದಾಕ್ಕ 220. ಪಾಲಿಶ್‌ದಕ್ಕ ಕ್ವಿಂಟಲ್‌ಗೆ ಒಂದೂವರೆ ತಾಸು ಆಳಿನ ಕೆಲಸ, ಸಾದಾಕ್ಕ ಒಂದು ತಾಸು. ದಿನಕ್ಕ ಒಟ್ಟು 120 ತಾಸು ಆಳು ಸಿಗ್ತಾರ. ಅಂಗಳ 100 ಕ್ವಿಂಟಲ್‌ಗಿಂತ ಜಾಸ್ತಿ ಕೊಡಂಗಿಲ್ಲ. ನನಗ ಬೇಕಾದ್ದು ದಿನದ ಕೊನಿಗೆ ಹೆಚ್ಚು ಲಾಭ.

ಸಾಲ್ವರ್ ಅಂದ್ರ ಇಂಥ ಲೆಕ್ಕದ ಉತ್ತರ ತಾನೇ ಹುಡುಕಿ ಕೊಡೋ ಎಕ್ಸೆಲ್ ಸಾಧನ, ಅದನ್ನ ಇನ್ನೂ ಮುಟ್ಟಬ್ಯಾಡ್ರಿ. ನಿಮ್ಮ ಫೋನ್‌ನಾಗ ಎಕ್ಸೆಲ್ ಆ್ಯಪ್ ಇದ್ರ ಸಾಕು (ಫೋನ್ ಆ್ಯಪ್‌ನಾಗ ಸಾಲ್ವರ್ ಬರಂಗಿಲ್ಲ, ಅದಕ್ಕ ಲ್ಯಾಬ್‌ಗೇ ಹೋಗ್ಬೇಕು). ಒಂದು ಕಾಲಂನಾಗ ಪಾಲಿಶ್ 0, 10, 20 ಅಂತ 80ರ ತನಕ ಕೆಳಗ ಬರೀರಿ. 80 ಯಾಕಂದ್ರ 120 ತಾಸಿನಾಗ ಒಂದೂವರೆ ತಾಸಿನ ಕೆಲಸ ಎಂಬತ್ತೇ ಆಗೋದು. ಪಕ್ಕದ ಕಾಲಂನಾಗ ಸಾದಾ ಎಷ್ಟು ಮಾಡಬಹುದು ಅನ್ನೋದು, ಅದು ಎರಡರಾಗ ಸಣ್ಣದು, ಅಂಗಳದಾಗ ಉಳಿದದ್ದು 100 ಕಳಿ ಪಾಲಿಶ್, ಆಳಿನಾಗ ಉಳಿದದ್ದು 120 ಕಳಿ ಒಂದೂವರೆ ಪಟ್ಟು ಪಾಲಿಶ್, ಮಿನ್ ಫಂಕ್ಷನ್ ಹಾಕ್ರಿ. ಮೂರನೇ ಕಾಲಂ ಲಾಭ. ನೋಡ್ರಿ ಏನ್ ಬರ್ತದ: ಪಾಲಿಶ್ ಸೊನ್ನೆ ಇದ್ರ 22,000, ಹತ್ತು ಇದ್ರ 22,800, ಇಪ್ಪತ್ತಕ್ಕ 23,600, ಮೂವತ್ತಕ್ಕ 24,400, ನಲವತ್ತಕ್ಕ 25,200. ಒಂದೊಂದು ಮೆಟ್ಟಲಕ್ಕ 800 ಏರ್ಕೋತ ಬಂತು. ಐವತ್ತಕ್ಕ ಬಂದ್ರ 24,900, ಅಲ್ಲಿಂದ ಮುಂದ ಮೆಟ್ಟಲಕ್ಕ 300 ಇಳ್ಕೋತ ಹೋಗಿ ಎಂಬತ್ತಕ್ಕ 24,000.

ನಲವತ್ತರ ಹತ್ರ ಏನಾತು ಅಂತ ಒಂದ್ ನಿಮಿಷ ನಿಂತು ಕೇಳ್ಕೊಳ್ರಿ. ನಲವತ್ತರ ತನಕ ಅಂಗಳನೇ ಕಟ್ಟಿ ಹಾಕಿತ್ತು, ಆಳು ಉಳೀತಿದ್ರು, ಅದಕ್ಕ ಒಂದು ಕ್ವಿಂಟಲ್ ಸಾದಾ ಬಿಟ್ಟು ಒಂದು ಕ್ವಿಂಟಲ್ ಪಾಲಿಶ್ ಮಾಡಿದ್ರ 80 ರೂಪಾಯಿ ಜಾಸ್ತಿ. ನಲವತ್ತು ದಾಟಿದ ಮ್ಯಾಲ ಆಳು ಕಡಿಮಿ ಬಿದ್ರು, ಒಂದು ಪಾಲಿಶ್ ಮಾಡ್ಲಾಕ ಒಂದೂವರೆ ಸಾದಾ ಬಿಡಬೇಕು, 300 ಸಿಗ್ತದ 330 ಹೋಗ್ತದ. ಎರಡೂ ಗೋಡಿ ಕೂಡೋ ಮೂಲಿನೇ ಉತ್ತರ, 40 ಪಾಲಿಶ್, 60 ಸಾದಾ. ಗ್ರಾಫ್ ಮೆಥಡ್‌ನಾಗ ಕಾರ್ನರ್ ಪಾಯಿಂಟ್ ಅಂತ ಗೆರಿ ಎಳದ್ರಲ್ಲ, ಆ ಕಾರ್ನರ್ ಇದು.

ಇಷ್ಟು ಕೈಯಿಂದ ಮಾಡಿದ ಮ್ಯಾಲ ಲ್ಯಾಬ್‌ಗೆ ಹೋಗ್ರಿ. ಸಾಲ್ವರ್ ಕಾಣ್ಲಿಕ್ಕಂದ್ರ ಫೈಲ್, ಆಪ್ಶನ್ಸ್, ಆ್ಯಡ್-ಇನ್ಸ್, ಕೆಳಗ ಗೋ ಒತ್ತಿ ಸಾಲ್ವರ್ ಆ್ಯಡ್-ಇನ್‌ಗೆ ಟಿಕ್ ಹಾಕ್ರಿ, ಡೇಟಾ ಟ್ಯಾಬ್‌ನಾಗ ಬರ್ತದ. ಲಾಭದ ಸೆಲ್ ಆಬ್ಜೆಕ್ಟಿವ್, ಮ್ಯಾಕ್ಸ್. 40 ಮತ್ತ 60 ಬರಬೇಕಾದ ಎರಡು ಸೆಲ್ ಚೇಂಜಿಂಗ್ ಸೆಲ್ಸ್. ಕನ್‌ಸ್ಟ್ರೇಂಟ್ ಎರಡು, ಆಳು ಮತ್ತ ಅಂಗಳ. ಸೊನ್ನೆಗಿಂತ ಕೆಳಗ ಹೋಗಬಾರದು ಅನ್ನೋ ಟಿಕ್ ಇರಲಿ. ವಿಧಾನ ಸಿಂಪ್ಲೆಕ್ಸ್ ಎಲ್‌ಪಿ ಆರಿಸ್ರಿ, ಭಾಳ ಹುಡುಗ್ರು ಅಲ್ಲಿ ಮೊದಲೇ ಇರೋ ಜಿಆರ್‌ಜಿ ಹಂಗೇ ಬಿಟ್ಟು ಸಾಲ್ವ್ ಒತ್ತಿ ಬಿಡ್ತಾರ, ಸರಳ ಗೆರಿ ಲೆಕ್ಕಕ್ಕ ಅದು ಬ್ಯಾಡ. ಉತ್ತರ ಬಂದ ಕೂಡ್ಲೆ ಓಕೆ ಒತ್ತದೆ ಬಲಗಡಿ ಸೆನ್ಸಿಟಿವಿಟಿ ಅನ್ನೋದನ್ನ ಆರಿಸಿ ಆಮ್ಯಾಲ ಓಕೆ ಒತ್ರಿ. (ಪೂರ್ಣಾಂಕನೇ ಬೇಕು ಅಂತ ಇಂಟೀಜರ್ ಕನ್‌ಸ್ಟ್ರೇಂಟ್ ಹಾಕಿದ್ರ ಈ ರಿಪೋರ್ಟ್ ಸಿಗಂಗಿಲ್ಲ, ಅದನ್ನ ನೆನಪಿಡ್ರಿ.)

ಆ ರಿಪೋರ್ಟ್‌ನಾಗೇ ನಿಮ್ಮ ಶ್ಯಾಡೋ ಪ್ರೈಸ್ ಕುಂತದ. ಆಳಿನ ಸಾಲಿನಾಗ 160, ಅಂಗಳದ ಸಾಲಿನಾಗ 60. ಅರ್ಥ ಇಷ್ಟು: ಇನ್ನೊಂದು ತಾಸು ಆಳು ಸಿಕ್ರ ನಿಮ್ಮ ಲಾಭ 160 ರೂಪಾಯಿ ಏರ್ತದ. ನಂಬಬ್ಯಾಡ್ರಿ, ಪರೀಕ್ಷೆ ಮಾಡ್ರಿ, 120 ಅಳಿಸಿ 121 ಹಾಕ್ರಿ, ಉತ್ತರ 42 ಮತ್ತ 58 ಆಗ್ತದ, ಲಾಭ 25,360. ಖರೇನೇ 160 ಏರ್ತು. ಈಗ ಓವರ್‌ಟೈಮ್ ಅಂತ ತಾಸಿಗೆ 100 ರೂಪಾಯಿ ಹೆಚ್ಚಿಗಿ ಕೊಟ್ರ ಲಾಭನಾ? ಹೌದು, 60 ಉಳೀತದ. 200 ಕೇಳಿದ್ರ? ಬ್ಯಾಡ. ಎಷ್ಟು ತಾಸಿನ ತನಕ ಈ ಮಾತು ನಡೀತದ ಅಂದ್ರ ಅಲೋವೆಬಲ್ ಇನ್‌ಕ್ರೀಸ್ ಅನ್ನೋ ಕಾಲಂ ನೋಡ್ರಿ, 30 ಅಂತದ, 150 ತಾಸಿಗೆ ಎಲ್ಲಾ ತೊಗರಿನೂ ಪಾಲಿಶ್‌ಗೆ ಹೋಗಿರ್ತದ, ಅದರಾಚೆ ಆಳು ಬಂದ್ರೂ ಕೆಲಸ ಇಲ್ಲ.

ಇನ್ನ ನನಗ ಈ ಇಡೀ ಸಬ್ಜೆಕ್ಟ್‌ನಾಗ ಭಾಳ ಪ್ರೀತಿಯ ಜಾಗ. ಮೋಡ ಆತು ಅಂತ ತಿಳ್ಕೊಳ್ರಿ. ಒಣಗ್ಲಾಕ 3 ದಿನದ ಬದಲಿ 5 ದಿನ. ಅಂಗಳ 300 ಭಾಗಿಸು 5, ದಿನಕ್ಕ 60 ಕ್ವಿಂಟಲ್. ನಿಮ್ಮ ಶೀಟ್‌ನಾಗ "ಒಣಗೋ ದಿನ" ಅಂತ ಒಂದೇ ಸೆಲ್ ಇದ್ರ ಅಲ್ಲಿ 5 ಹಾಕಿ ಮತ್ತ ಸಾಲ್ವ್ ಒತ್ರಿ. ಉತ್ತರ 60 ಪಾಲಿಶ್, ಸಾದಾ ಸೊನ್ನೆ, ಲಾಭ 18,000. ಆಳು 90 ತಾಸೇ ಬೇಕು, 30 ತಾಸು ಉಳೀತು. ಆಳಿನ ಶ್ಯಾಡೋ ಪ್ರೈಸ್ ಈಗ ಸೊನ್ನೆ. ಅಂಗಳದ್ದು 60 ಇದ್ದದ್ದು 300 ಆತು. ನಿನ್ನೆ ಓವರ್‌ಟೈಮ್ ಕೊಡ್ರಿ ಅಂದ ಅದೇ ಶೀಟ್ ಇವತ್ತು ಒಂದ್ ರೂಪಾಯಿನೂ ಕೊಡಬ್ಯಾಡ್ರಿ, ಆ ರೊಕ್ಕದಾಗ ಒಣಗ್ಸೋ ಜಾಗ ಬಾಡಿಗಿ ಹಿಡೀರಿ ಅಂತದ. ಆಳು ಅವ್ರೇ, ಮಷೀನ್ ಅದೇ, ರೇಟ್ ಅದೇ, ಬದಲಾದದ್ದು ಆಕಾಶ ಒಂದೇ. ಬೆಲೆ ಅನ್ನೋದು ವಸ್ತುವಿನಾಗ ಇರಂಗಿಲ್ಲ, ಅವತ್ತು ಯಾವುದು ಕಡಿಮಿ ಬಿದ್ದದ ಅನ್ನೋದ್ರಾಗ ಇರ್ತದ. ಇದು ಒಮ್ಮೆ ತಲ್ಯಾಗ ಕುಂತ್ರ ಸರ್ ಯಾವ ನಂಬರ್ ಬದಲಿಸಿದ್ರೂ ನಿಮ್ಮ ಕೈ ನಿಲ್ಲಂಗಿಲ್ಲ.

ಶೀಟ್ ಹಾಕೋ ರೀತಿ ಬಗ್ಗೆ ಒಂದೆರಡು ಮಾತು, ಯಾಕಂದ್ರ ಇದರಾಗ ನಾ ಪೆಟ್ಟು ತಿಂದೀನಿ. ಮಿಲ್‌ನಾಗ ಇದ್ದಾಗ ಚೀಲದ ಲೆಕ್ಕಕ್ಕ ಒಂದು ಶೀಟ್ ಮಾಡಿದ್ದೆ, ಚೀಲ 50 ಕೇಜಿದು, ಅದನ್ನ ನಾಕು ಫಾರ್ಮುಲಾ ಒಳಗ ನೇರ 50 ಅಂತ ಟೈಪ್ ಮಾಡಿದ್ದೆ. ಮುಂದಿನ ಸೀಜನ್‌ಗೆ 30 ಕೇಜಿ ಚೀಲ ಬಂತು, ಮೂರು ಕಡೆ ತಿದ್ದಿದೆ, ನಾಕನೇದು ಉಳೀತು. ಸಾವಿರ ಕ್ವಿಂಟಲ್ ಬ್ಯಾಳಿಗೆ 3,334 ಚೀಲ ಬೇಕಿತ್ತು, ಶೀಟ್ 2,000 ಅಂತ ತೋರ್ಸಿತು, ನಾ 2,000 ಆರ್ಡರ್ ಕೊಟ್ಟೆ. ಪ್ಯಾಕಿಂಗ್ ಎರಡು ದಿನ ನಿಂತಿತು, ಹಮಾಲರು ಬಂದು ಕುಂತು ವಾಪಸ್ ಹೋದ್ರು, ಅವರಿಗೆ ಆ ದಿನದ ದುಡಿಮಿ ಹೋತು. ಅದು ಇವತ್ತಿಗೂ ನನ್ನ ಮನಸ್ಸಿನಾಗ ಅದ. ಅದಕ್ಕ ಹೇಳ್ತೀನಿ, ಫಾರ್ಮುಲಾ ಒಳಗ ನಂಬರ್ ಬರೀಬ್ಯಾಡ್ರಿ, ಎಂದೂ. ಕೊಟ್ಟ ಡೇಟಾ ಎಲ್ಲಾ ಮ್ಯಾಲ ಒಂದು ಕಡೆ, ಒಂದು ಬಣ್ಣದಾಗ. ನಿರ್ಧಾರದ ಸೆಲ್ ಇನ್ನೊಂದು ಬಣ್ಣ. ಫಾರ್ಮುಲಾಕ್ಕ ಬಣ್ಣ ಬ್ಯಾಡ. ಪ್ರತಿ ನಂಬರ್ ಪಕ್ಕ ಅದು ಕ್ವಿಂಟಲೋ ತಾಸೋ ರೂಪಾಯೋ ಬರೀರಿ. ಲಾಭಕ್ಕ ಸಮ್‌ಪ್ರಾಡಕ್ಟ್ (ಜೋಡಿ ಜೋಡಿ ಗುಣಿಸಿ ಕೂಡ್ಸೋ ಫಂಕ್ಷನ್) ಹಾಕ್ರಿ, ಎರಡು ಮಾಲು ಇದ್ದದ್ದು ಇಪ್ಪತ್ತಾದ್ರೂ ಫಾರ್ಮುಲಾ ಹಂಗೇ ಇರ್ತದ. ಕೆಳಗ ಎಳಿಯೋವಾಗ ಸ್ಥಿರ ಇರಬೇಕಾದ ಸೆಲ್‌ಗೆ ಡಾಲರ್ ಗುರ್ತು ಮರೀಬ್ಯಾಡ್ರಿ.

ಇದು ಕಲಿಯೋರ ತಪ್ಪು ಮಾತ್ರ ಅಲ್ಲ. 2010ರಾಗ ಕಾರ್ಮೆನ್ ರೈನ್‌ಹಾರ್ಟ್ ಮತ್ತ ಕೆನೆತ್ ರೋಗಾಫ್ ಅನ್ನೋ ದೊಡ್ಡ ಅರ್ಥಶಾಸ್ತ್ರಜ್ಞರು ದೇಶಗಳ ಸಾಲದ ಬಗ್ಗೆ ಬರೆದ ಪೇಪರ್‌ನಾಗ ಸರಾಸರಿ ಫಾರ್ಮುಲಾ 30ನೇ ಸಾಲಿನಿಂದ 49ರ ತನಕ ಹೋಗೋ ಬದಲಿ 44ಕ್ಕ ನಿಂತಿತ್ತು, ಐದು ದೇಶ ಬಿಟ್ಟು ಹೋಗಿದ್ವು. 2013ರಾಗ ಅದನ್ನ ಹಿಡಿದದ್ದು ಥಾಮಸ್ ಹರ್ನ್‌ಡನ್ ಅನ್ನೋ ವಿದ್ಯಾರ್ಥಿ, ಕ್ಲಾಸಿನ ಅಸೈನ್‌ಮೆಂಟ್ ಅಂತ ಆ ಲೆಕ್ಕ ಮತ್ತೊಮ್ಮೆ ಮಾಡ್ಲಾಕ ಕುಂತವ. ನಿಮ್ಮಂಗೇ ಓದ್ಲತ್ತಿದ್ದವ. ಸ್ಪ್ರೆಡ್‌ಶೀಟ್ ಹುಟ್ಟಿದ್ದೂ ಒಬ್ಬ ಎಂಬಿಎ ವಿದ್ಯಾರ್ಥಿ ತಲ್ಯಾಗೇ, ಡ್ಯಾನ್ ಬ್ರಿಕ್ಲಿನ್ ಅಂತ, ಪ್ರೊಫೆಸರ್ ಬೋರ್ಡ್ ಮ್ಯಾಲ ಒಂದು ನಂಬರ್ ತಪ್ಪಾದ್ರ ಇಡೀ ಟೇಬಲ್ ಒರಸಿ ಬರಿಯೋದು ನೋಡಿ ಅವರಿಗೆ ಹೊಳೀತು, ಬಾಬ್ ಫ್ರ್ಯಾಂಕ್‌ಸ್ಟನ್ ಜೋಡಿ ಕೂಡಿ 1979ರಾಗ ವಿಸಿಕ್ಯಾಲ್ಕ್ ಹೊರಗ ತಂದ್ರು. ಒಂದು ನಂಬರ್ ಬದಲಿಸಿದ್ರ ಉಳಿದದ್ದೆಲ್ಲ ತಾನೇ ಬದಲಾಗಬೇಕು, ಈ ಶೀಟ್ ಇರೋದೇ ಅದಕ್ಕ, ಫಾರ್ಮುಲಾದಾಗ 50 ಅಂತ ಟೈಪ್ ಮಾಡಿದ್ರ ಆ ಶಕ್ತಿನೇ ಹೋಗ್ತದ.

ಇನ್ವೆಂಟರಿ ಬಗ್ಗೆ ಸ್ವಲ್ಪ. ಇಒಕ್ಯೂ ಫಾರ್ಮುಲಾ (ಒಂದು ಸಲಕ್ಕ ಎಷ್ಟು ತರ್ಸಿದ್ರ ಒಟ್ಟು ಖರ್ಚು ಕಡಿಮಿ ಅನ್ನೋ ಲೆಕ್ಕ) ಫೋರ್ಡ್ ಹ್ಯಾರಿಸ್ 1913ರಾಗ ಕೊಟ್ಟದ್ದು. ವರ್ಷಕ್ಕ 36,000 ಚೀಲ ಬೇಕು, ಒಂದು ಸಲ ತರ್ಸಿದ್ರ 500 ರೂಪಾಯಿ ಖರ್ಚು, ಒಂದು ಚೀಲ ವರ್ಷ ಇಟ್ಕೊಂಡ್ರ 4 ರೂಪಾಯಿ. ಉತ್ತರ 3,000 ಚೀಲ, ವರ್ಷಕ್ಕ 12 ಸಲ, ತರ್ಸೋ ಖರ್ಚು 6,000, ಇಡೋ ಖರ್ಚು 6,000. ಇಷ್ಟು ಎಲ್ರೂ ಮಾಡ್ತಾರ. ನೀವು ಒಂದ್ ಹೆಜ್ಜಿ ಮುಂದ ಹೋಗಿ 4,000 ಹಾಕಿ ನೋಡ್ರಿ, ಒಟ್ಟು ಖರ್ಚು 12,000 ಇದ್ದದ್ದು 12,500 ಅಷ್ಟೇ. ಆರ್ಡರ್ ಮೂರನೇ ಒಂದು ಭಾಗ ಜಾಸ್ತಿ ಆದ್ರೂ ಖರ್ಚು ಸ್ವಲ್ಪೇ ಏರ್ತು, ಲಾರಿ ತುಂಬೋ ಲೆಕ್ಕದಾಗ 4,000 ಅನುಕೂಲ ಆದ್ರ ತರ್ಸಬಹುದು. ಇನ್ನೊಂದು, ಈ ಫಾರ್ಮುಲಾ ವರ್ಷ ಪೂರ್ತಿ ಒಂದೇ ಸಮ ಬೇಡಿಕಿ ಇರ್ತದ ಅಂತ ನಂಬ್ಕೊಂಡದ. ನಮ್ ಕಡಿ ಹೊಸ ತೊಗರಿ ಗಂಜ್‌ಗೆ ಬರೋದು ಡಿಸೆಂಬರ್ ಮುಗಿಯೋವಾಗಿಂದ, ಆಗ ಮಿಲ್ ಓಡೋ ಜೋರೇ ಬ್ಯಾರೆ, ಮಳಿಗಾಲದಾಗ ಬ್ಯಾರೆ. ವೈವಾದಾಗ ಈ ಮಾತು ಹೇಳ್ರಿ, ಕೇಳೋರು ಪೆನ್ ಕೆಳಗ ಇಡ್ತಾರ. ಫೋರ್‌ಕಾಸ್ಟಿಂಗ್‌ಗೂ ಇದೇ, ಆವಕಕ್ಕ ಮೂರು ತಿಂಗಳ ಮೂವಿಂಗ್ ಆವರೇಜ್ ಹಾಕಿದ್ರ ಜನವರಿ ಅಂದಾಜು ಅಕ್ಟೋಬರ್, ನವೆಂಬರ್, ಡಿಸೆಂಬರ್ ನೋಡ್ಕೊಂಡು ಬರ್ತದ, ಪೂರಾ ತಪ್ಪು, ಹೋದ ಜನವರಿಗಳನ್ನ ನೋಡ್ರಿ, ಸೀಜನಲ್ ಇಂಡೆಕ್ಸ್ ಇರೋದೇ ಅದಕ್ಕ.

ಪ್ರೊಸೆಸ್ ವಿಧಗಳು ಅಂತ ಥಿಯರಿ ಬಾಯಿಪಾಠ ಮಾಡ್ತೀರಲ್ಲ, ಅದಕ್ಕೂ ನಮ್ಮ ಭಾಗನೇ ಸಾಕು. ಸೇಡಂ, ವಾಡಿ ಕಡಿ ಸಿಮೆಂಟ್ ಕಿಲ್ನ್ ಹಗಲು ರಾತ್ರಿ ಉರೀತದ, ಆರಿಸಿ ಹಚ್ಚೋದು ಭಾಳ ತುಟ್ಟಿ, ಅದು ಕಂಟಿನ್ಯುವಸ್. ದಾಲ್ ಮಿಲ್ ಬ್ಯಾಚ್, ಒಂದೊಂದು ಗುಂಪಿ ಮಾಲು ಒಟ್ಟಿಗೆ ಮಾಡೋದು. ಬೀದರದಾಗ ಬಿದರಿ ಕೆಲಸ ಮಾಡೋರ ಅಂಗಡಿ ಜಾಬ್ ಶಾಪ್ (ಒಂದೊಂದು ಮಾಲೂ ಬ್ಯಾರೆ ಬ್ಯಾರೆ ಮಾಡೋ ಜಾಗ), ಸತು-ತಾಮ್ರದ ಎರಕ ಬೇಗ ಆದ್ರೂ ಬೆಳ್ಳಿ ತಂತಿ ಕೂಡ್ಸೋ ಕುಶಲಕರ್ಮಿ ಕೈ ಎಷ್ಟು ನಡೀತದೋ ಅಷ್ಟೇ ಮಾಲು, ಅಲ್ಲಿ ಬಾಟಲ್‌ನೆಕ್ ಅಂದ್ರ ಮನುಷ್ಯನ ಕೈ. ಮೂರಕ್ಕೂ ಒಂದೇ ಶೀಟ್ ನಡಿಯಂಗಿಲ್ಲ.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಈಗ ಬ್ಯಾಡ. ಎಕ್ಸೆಲ್ ಜೋಡಿ ಬರೋ ಸಾಲ್ವರ್ 200 ನಿರ್ಧಾರದ ಸೆಲ್ ತನಕ ತಗೋತದ, ನಿಮ್ಮ ಸಿಲೆಬಸ್‌ನಾಗ ಇಪ್ಪತ್ತು ದಾಟೋ ಲೆಕ್ಕನೇ ಬರೋದು ಕಷ್ಟ. ಶೀಟ್‌ನಾಗ ಎಲ್ಲಾ ನಂಬರ್ ಕಣ್ಣ ಮುಂದ ಇರ್ತಾವ, ಎಲ್ಲಿ ತಪ್ಪಿತು ಅನ್ನೋದು ಕಾಣ್ತದ, ಕಲಿಯೋವಾಗ ಅದು ಬೇಕು. ಕೆಲಸಕ್ಕ ಸೇರಿ ಲೆಕ್ಕ ದೊಡ್ಡದಾದಾಗ ಪೈಥಾನ್ ಕಲೀರಿ, ಅಷ್ಟೊತ್ತಿಗೆ ಲೆಕ್ಕ ಹೂಡೋದು ನಿಮಗ ಬಂದಿರ್ತದ, ಭಾಷೆ ಬದಲಿಸೋದು ಒಂದು ತಿಂಗಳ ಕೆಲಸ. ಮುಂದ ಯಾವಾಗರ ಲ್ಯಾಪ್‌ಟಾಪ್ ಸಿಕ್ರ ಎಕ್ಸೆಲ್‌ಗೆ ರೊಕ್ಕ ಕೊಡಬೇಕಂತಿಲ್ಲ, ಲಿಬ್ರೆಆಫೀಸ್ ಕ್ಯಾಲ್ಕ್ ಪುಕ್ಕಟಿ ಸಿಗ್ತದ, ಅದರಾಗೂ ಸಾಲ್ವರ್ ಅದ.

ಪರೀಕ್ಷೆ ತನಕ ವಾರಕ್ಕ ಎರಡೇ ಲೆಕ್ಕ ಮಾಡ್ರಿ, ಆದ್ರ ಪೂರಾ ಮಾಡ್ರಿ. ಮೊದಲ ಆ ಮೂರು ಸಾಲು ಕನ್ನಡದಾಗ, ಆಮ್ಯಾಲ ಫೋನ್‌ನಾಗ ಟೇಬಲ್, ಲ್ಯಾಬ್ ದಿನ ಸಾಲ್ವರ್. ಸಾಲ್ವ್ ಒತ್ತೋ ಮೊದಲ ಉತ್ತರ ಸುಮಾರು ಎಷ್ಟು ಬರಬಹುದು ಅಂತ ಪೆನ್ಸಿಲ್‌ನಿಂದ ಬರ್ದಿಡ್ರಿ, ಭಾಳ ದೂರ ಬಂದ್ರ ಶೀಟ್ ತಪ್ಪೋ ನಿಮ್ಮ ತಿಳುವಳಿಕಿ ತಪ್ಪೋ ಹುಡುಕ್ರಿ, ಎರಡ್ರಾಗ ಯಾವುದಾದ್ರೂ ನೀವು ಕಲೀತೀರಿ. ಜನವರಿಯಾಗ ರಜಾ ಸಿಕ್ರ ಒಂದು ಮಿಲ್‌ಗೆ ಹೋಗಿ ಕೇಳ್ರಿ, ಆಫೀಸ್‌ನಾಗ ಮಾತ್ರ ಅಲ್ಲ, ಅಂಗಳದಾಗ ತೊಗರಿ ತಿರುವೋ ಅಕ್ಕೋರ ಹತ್ರನೂ ಕೇಳ್ರಿ, ಒಣಗ್ಲಾಕ ಎಷ್ಟು ದಿನ, ಮೋಡ ಆದ್ರ ಎಷ್ಟು, ಇಬ್ಬನಿ ಬಿದ್ರ ಎಷ್ಟು. ಆ ನಂಬರ್ ಅವರಷ್ಟು ಪಕ್ಕಾ ಯಾರಿಗೂ ಗೊತ್ತಿರಂಗಿಲ್ಲ. ನನ್ನ 3 ಅಳಿಸಿ ಅವರು ಹೇಳಿದ್ದು ಹಾಕ್ರಿ, ಉತ್ತರ ಎಲ್ಲಿಗೆ ಹೋಗ್ತದ ನೋಡಿ ನನಗ ಬರೀರಿ. ಶೀಟ್ ಜೋಡಿ ಆ ಮೂರು ಸಾಲಿನ ಕಾಗದದ ಫೋಟೋನೂ ಕಳಸ್ರಿ, ನಾ ಮೊದಲ ಕಾಗದ ನೋಡ್ತೀನಿ.